ಸ್ಪೆಕ್ ಅನ್ನೇ ಕಂಪೈಲ್ ಮಾಡಿದೆವು: ನನ್ನ ಅನುಭವ

"ಸ್ಪೆಕ್ ಇರೋದು ಓದೋಕೆ, ಕಂಪೈಲ್ ಮಾಡೋಕಲ್ಲ" ಎಂದು ನಮ್ಮ ಆರ್ಕಿಟೆಕ್ಟ್ ಎಲ್ಲರ ಮುಂದೆ ಹೇಳಿದ್ದರು. ಸ್ಪೆಕ್ ಅಂದರೆ ಚಿಪ್ ಹೇಗೆ ಕೆಲಸ ಮಾಡಬೇಕು ಎನ್ನುವ ವಿವರಣೆ; ಕಂಪೈಲ್ ಅಂದರೆ ಟೂಲೇ ಅದನ್ನು ಓದಿ ಕೋಡ್ ತಯಾರಿಸುವುದು. ಈಗ ಚಿಪ್‌ನಲ್ಲಿ ಅವರ ಪಾಲಿನ ಬ್ಲಾಕ್‌ನ ಸ್ಪೆಕ್ಕೂ ಕೋಡ್‌ನ ಹಾಗೆ ಗಿಟ್‌ನಲ್ಲೇ (ಪ್ರತಿ ಬದಲಾವಣೆ ದಾಖಲಿಸುವ ಟೂಲ್) ಇದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಿಂದಿನ ಚಿಪ್‌ನಲ್ಲಿ ಕೈ ಸುಟ್ಟುಕೊಂಡಿದ್ದೆವು. ಯಾವ ಇಂಟರಪ್ಟ್ (ಹಾರ್ಡ್‌ವೇರ್ ಸಾಫ್ಟ್‌ವೇರ್‌ಗೆ ಕೊಡುವ ಸೂಚನೆ) ಬಂದಿದೆ ಅಂತ ಬಿಟ್‌ಗಳಲ್ಲಿ ತೋರಿಸುವ ಸ್ಟೇಟಸ್ ರಿಜಿಸ್ಟರ್ ಬಗ್ಗೆ ವರ್ಡ್ ಫೈಲಿನಲ್ಲಿ ಇದ್ದದ್ದು ಒಂದೇ ಸಾಲು: "ಬರೆದರೆ ಕ್ಲಿಯರ್ ಆಗುತ್ತದೆ". ಏನು ಬರೆದರೂ ಇಡೀ ರಿಜಿಸ್ಟರ್ ಕ್ಲಿಯರ್ ಆಗುವಂತೆ ಡಿಸೈನ್‌ನವರು ಆರ್‌ಟಿಎಲ್ (ಹಾರ್ಡ್‌ವೇರ್‌ನ ಕೋಡ್) ಬರೆದರು. 1 ಬರೆದ ಬಿಟ್ ಮಾತ್ರ ಹೋಗುತ್ತದೆ ಅಂತ ಚಿಪ್ ಮೇಲೆ ಓಡುವ ಸಾಫ್ಟ್‌ವೇರ್ ಬರೆಯುವ ಫರ್ಮ್‌ವೇರ್‌ನವರು ಅಂದುಕೊಂಡರು. ಡಿಸೈನ್ ಪರೀಕ್ಷಿಸುವ ವೆರಿಫಿಕೇಶನ್‌ನವರು ಒಂದು ಸಲಕ್ಕೆ ಒಂದೇ ಇಂಟರಪ್ಟ್ ಕೊಟ್ಟು ಪಾಸ್ ಅಂದರು. ಲ್ಯಾಬಿನಲ್ಲಿ ಟೈಮರ್, ಯುಆರ್ಟ್ (ಸೀರಿಯಲ್ ಪೋರ್ಟ್) ಎರಡರ ಇಂಟರಪ್ಟೂ ಒಟ್ಟಿಗೆ ಬಂದಾಗ ಒಂದು ಮಾಯ! ಯಾರನ್ನು ಬೈಯೋದು? ಸ್ಪೆಕ್ ಪ್ರಕಾರ ಮೂವರೂ ಸರಿ. ಎರಡು ಮೆಟಲ್ ಲೇಯರ್ ಮಾಸ್ಕ್ (ಚಿಪ್ ತಯಾರಿಸುವ ಅಚ್ಚು) ಬದಲಿಸೋಕೆ 40 ಲಕ್ಷದ ಹತ್ತಿರ ಹೋಯಿತು. ಕಳೆದುಕೊಂಡ ತಿಂಗಳುಗಳ ಲೆಕ್ಕ ಬೇರೆ.

ಮುಂದಿನ ಚಿಪ್‌ಗೆ ರಿಜಿಸ್ಟರ್‌ಗಳನ್ನೆಲ್ಲ ಸಿಸ್ಟಮ್‌ಆರ್‌ಡಿಎಲ್ 2.0ರಲ್ಲಿ ಬರೆದೆವು. ರಿಜಿಸ್ಟರ್‌ಗಳನ್ನು ವಿವರಿಸೋಕೆ ಇರುವ ಭಾಷೆ ಅದು, 2018ರಲ್ಲಿ ಚಿಪ್ ಡಿಸೈನ್‌ನ ಸ್ಟ್ಯಾಂಡರ್ಡ್ ಸಂಸ್ಥೆ ಅಕ್ಸೆಲೆರಾ ಹೊರತಂದದ್ದು. ಆರ್‌ಟಿಎಲ್, ಫರ್ಮ್‌ವೇರ್‌ಗೆ ಸಿ ಹೆಡರ್, ವೆರಿಫಿಕೇಶನ್‌ಗೆ ಯುವಿಎಂ ಮಾಡೆಲ್, ಗ್ರಾಹಕರಿಗೆ ಕೊಡುವ ಡಾಕ್ಯುಮೆಂಟ್, ಎಲ್ಲ ಆ ಒಂದೇ ಫೈಲಿನಿಂದ. ಟೂಲ್ ಲೈಸೆನ್ಸ್‌ನ ಕೊಟೇಶನ್ ನೋಡಿ ಮ್ಯಾನೇಜರ್ ಮುಖ ಸಪ್ಪಗಾಯಿತು. ಇದೇ ಕೆಲಸ ಮಾಡುವ ಓಪನ್ ಸೋರ್ಸ್ ಪೀಕ್‌ಆರ್‌ಡಿಎಲ್ ಪುಕ್ಕಟೆ ಸಿಗುತ್ತದಲ್ವಾ, ಅದನ್ನೇ ಹಿಡಿದೆ. ಇದನ್ನೆಲ್ಲ ತಾನೇ ನಡೆಸುವ ಜೆಂಕಿನ್ಸ್ ಓಡಿಸೋಕೆ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಚೌಕಾಸಿ ಮಾಡಿ ಹಳೇ ಸರ್ವರ್ ತಂದೆ, 35,000 ಇರಬಹುದು. ಖರ್ಚು ಅಷ್ಟೇ.

ವರ್ಡ್ ಟೇಬಲ್‌ಗಳನ್ನು ಸ್ಕ್ರಿಪ್ಟ್‌ನಿಂದ ಎಳೆಯೋಕೆ ಹೋಗಿ ವಾರಗಟ್ಟಲೆ ಹಾಳಾಯಿತು. ಸೆಲ್‌ಗಳನ್ನು ಮರ್ಜ್ ಮಾಡಿದ್ದ ಕಡೆಯೆಲ್ಲ ಬಿಟ್ ನಂಬರ್ ಜಾರುತ್ತಿತ್ತು. ಕೊನೆಗೆ ಕೈಯಲ್ಲೇ ಟೈಪ್ ಮಾಡಿದೆವು. ಆಗ ಒಂದೊಂದು ಬಿಟ್‌ಗೂ ಯಾರು ಬರೆಯಬಹುದು, ರೀಸೆಟ್ ಎಷ್ಟು ಅಂತ ಕೇಳಲೇಬೇಕಾಯಿತು. ಹಳೇ ಸ್ಪೆಕ್ಕಿನ ಹುಳುಕು ಜಾಸ್ತಿ ಸಿಕ್ಕಿದ್ದು ಅಲ್ಲೇ. ರಿವ್ಯೂ ಅಂದರೆ ಮೊದಮೊದಲು ಎಲ್ಲರೂ ಸುಮ್ನೆ ಅಪ್ರೂವ್ ಒತ್ತುತ್ತಿದ್ದರು. ಫರ್ಮ್‌ವೇರ್‌ನವರು ಒಪ್ಪದೆ ಬದಲಾವಣೆ ಗಿಟ್‌ಗೆ ಸೇರಲ್ಲ ಅಂತ ಬೀಗ ಹಾಕಿದ ಮೇಲೆ ಜಗಳ ಶುರುವಾಯಿತು. ನನಗೆ ಬೇಕಾಗಿದ್ದೂ ಅದೇ.

ನಡುವೆ ಟೆಕ್ಸ್ಟ್‌ನಿಂದ ಚಿತ್ರ ಮಾಡುವ ವೇವ್‌ಡ್ರಾಮ್‌ನಲ್ಲಿ ಟೈಮಿಂಗ್ ಚಿತ್ರ ಬರೆದು ನೋಡಿದೆ. ಟೆಕ್ಸ್ಟ್ ಆದ್ದರಿಂದ ಹಳತು-ಹೊಸತು ಹೋಲಿಸುವ ಡಿಫ್‌ನಲ್ಲಿ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಸಾಫ್ಟ್‌ವೇರ್‌ನವರ ಹಾಗೆ ಯೂಸರ್ ಸ್ಟೋರಿ (ಬಳಸುವವರಿಗೆ ಏನು ಬೇಕು ಅಂತ ಅವರ ಮಾತಲ್ಲೇ ಹೇಳುವ ಸಾಲು) ಬರೆಸೋಕೆ ಹೋದಾಗ ಮಾತ್ರ ಎಲ್ಲರೂ ನಕ್ಕರು, ಬಿಟ್ಟೆ. ಅನಲಾಗ್‌ನವರ ತಂಟೆಗೆ ಹೋಗಿಲ್ಲ. ರಿಕ್ವೈರ್‌ಮೆಂಟ್ ನಂಬರನ್ನು ಕವರೇಜ್‌ಗೆ (ಯಾವುದನ್ನೆಲ್ಲ ಪರೀಕ್ಷಿಸಿದೆ ಎನ್ನುವ ಲೆಕ್ಕ) ಕಟ್ಟುವ ಸ್ಕ್ರಿಪ್ಟ್ ಒಂದಿದೆ, ಅದು ಸದ್ಯಕ್ಕೆ ಗುಟ್ಟು.

ಹೊಸ ಚಿಪ್ ಬಂತು. ಲ್ಯಾಬಿನಲ್ಲಿ ರಿಜಿಸ್ಟರ್ ತಕರಾರು ಒಂದೂ ಬರಲಿಲ್ಲ. ನೀವೂ ಶುರು ಮಾಡುವುದಾದರೆ ಸಿಸ್ಟಮ್‌ಆರ್‌ಡಿಎಲ್‌ನ ಪ್ರಿಸಿಡೆನ್ಸ್ ಸಾಲು ನೋಡಿಕೊಳ್ಳಿ; ಒಂದೇ ಬಿಟ್‌ಗೆ ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡೂ ಒಟ್ಟಿಗೆ ಬರೆದರೆ ಯಾರದ್ದು ನಿಲ್ಲಬೇಕು ಅಂತ ಹೇಳುವುದು ಅದೇ. ಹೇಳದೇ ಬಿಟ್ಟರೆ ಸಾಫ್ಟ್‌ವೇರ್ ಬರೆದದ್ದೇ ಗೆಲ್ಲುತ್ತದೆ. ಅದೇ ಕ್ಲಾಕ್‌ನಲ್ಲಿ ಹಾರ್ಡ್‌ವೇರ್ ಸೆಟ್ ಮಾಡಿದ ಇಂಟರಪ್ಟ್ ಹೋಗೇಬಿಡುತ್ತದೆ.