ವಿಜಯಪುರದ ಕಮಾನುಗಳ ಒಳಗೆ: ಚೌಕಟ್ಟು ಕಟ್ಟುವ ಬಗೆ

ಗೋಳಗುಮ್ಮಟದ ಒಳಗೆ ಹೋದವರು ಮೊದಲು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸುತ್ತಾರೆ. ಚಿತ್ರ ಕೆಡುವುದು ಅಲ್ಲೇ. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಓರೆಯಾದರೆ ಗೋಡೆಗಳು ಮೇಲೆ ಹೋದಂತೆ ಒಂದಕ್ಕೊಂದು ಬಾಗುತ್ತವೆ. ಕ್ಯಾಮೆರಾ ಮಟ್ಟವಾಗಿಟ್ಟು, ನಿಂತ ಚೌಕಟ್ಟಿನಲ್ಲಿ (ಎತ್ತರ ಹೆಚ್ಚು, ಅಗಲ ಕಡಿಮೆ) 16ರಿಂದ 20 ಮಿ.ಮೀ.ಯ ಅಗಲ ನೋಟದ ಲೆನ್ಸಿನಿಂದ ತೆಗೆಯಿರಿ, ಕೆಳಗೆ ಹೆಚ್ಚಾಗುವ ನೆಲವನ್ನು ಆಮೇಲೆ ಕತ್ತರಿಸಿ. ಗುಮ್ಮಟವೇ ಬೇಕೆಂದರೆ ಅರ್ಧಂಬರ್ಧ ಓರೆ ಬೇಡ, ಲೆನ್ಸ್ ನೇರ ಮೇಲಕ್ಕಿರಲಿ. ನಡುವೆ ಗೋರಿಗಳ ಕಟ್ಟೆ ಇರುವುದರಿಂದ ಅದರ ಒಂದು ಬದಿಯ ಸರಿಮಧ್ಯಕ್ಕೆ ನಿಂತರೆ ಎಡಬಲವಾದರೂ ಸಮವಾಗುತ್ತದೆ.

ಚೌಕಟ್ಟು ಕಲಿಯಲು ನಿಜವಾಗಿ ಒಳ್ಳೆಯ ಜಾಗ ಜುಮ್ಮಾ ಮಸೀದಿ. ಕಂಬಗಳ ಸಾಲಿನ ನಡುವೆ ನಿಂತು, ಕ್ಯಾಮೆರಾವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರಕ್ಕೆ ಹಿಡಿಯಿರಿ. ಹತ್ತಿರದ ಕಂಬದ ಅಂಚಿಗೂ ಚೌಕಟ್ಟಿನ ಅಂಚಿಗೂ ಇರುವ ಸಂದನ್ನು ಎರಡೂ ಕಡೆ ಹೋಲಿಸಿ. ಒಂದು ಗೇಣು ಪಕ್ಕಕ್ಕೆ ಸರಿದಿದ್ದರೂ ಒಂದು ಬದಿಯ ಕಮಾನುಗಳು ದಪ್ಪ, ಇನ್ನೊಂದು ಬದಿಯವು ಸಣಕಲು. ಸಮರೂಪತೆ ಸ್ವಲ್ಪವೇ ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಇಲ್ಲಿ 16 ಮಿ.ಮೀ. ಬೇಡ, ದೂರದ ಕಮಾನು ಚುಕ್ಕಿಯಾಗುತ್ತದೆ. 35 ಮಿ.ಮೀ. ಹಾಕಿ ಹಿಂದೆ ಸರಿದರೆ ಕಮಾನುಗಳು ಒಂದರೊಳಗೊಂದು ಕೂಡುತ್ತವೆ. ಅಳತೆ ತಿಳಿಯಲು ಮೂರನೇ ಕಮಾನಿನ ಕೆಳಗೆ ಒಬ್ಬರಿರಲಿ.

ಅಂಗಳದ ಕಡೆಯ ಬಿಸಿಲು ಚಿತ್ರದಲ್ಲಿ ಬರೀ ಬಿಳಿಯಾಗಿಬಿಟ್ಟರೆ 2 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ 3 ಚಿತ್ರ ತೆಗೆದು ಜೋಡಿಸಿ. ಟ್ರೈಪಾಡಿಗೆ ಮೊದಲೇ ಅನುಮತಿ ಕೇಳಿ. ನಮಾಜಿನ ಹೊತ್ತಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.