ಬಿಸಿಯಾದಾಗ ಮಾತ್ರ ಮಾಯವಾಗುತ್ತಿದ್ದ ಡಿಸ್ಕ್

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ನನ್ನ ಲ್ಯಾಪ್‌ಟಾಪ್ ಕಂಪನಿಯ ಸರ್ವಿಸ್ ಸೆಂಟರ್ ಇರುವುದು ಅಲ್ಲಿ. ವಾರಂಟಿ ಮುಗಿಯಲು 23 ದಿನ ಬಾಕಿ ಇದ್ದಾಗ ಯಂತ್ರ ಕೈಕೊಡಲು ಶುರುಮಾಡಿತು. ಪುಟವಿನ್ಯಾಸದ ಕೆಲಸ ನನ್ನದು. ಅರ್ಧ ತಾಸು ಎಲ್ಲವೂ ಸರಿ, ಆಮೇಲೆ ಇದ್ದಕ್ಕಿದ್ದಂತೆ ಪರದೆ ಕಲ್ಲಾಗುತ್ತಿತ್ತು. ಬಲವಂತವಾಗಿ ಆಫ್ ಮಾಡಿ ಆನ್ ಮಾಡಿದರೆ ಬೂಟ್ ಮಾಡಲು ಡಿಸ್ಕ್ ಇಲ್ಲ ಎಂಬ ಸಂದೇಶ. ಚಹಾ ಕುಡಿದು ಬಂದು ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಎಂಬಂತೆ ವಿಂಡೋಸ್ ತೆರೆದುಕೊಳ್ಳುತ್ತಿತ್ತು.

ಮಳೆಗಾಲ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರು. ಮೊದಲು ದೂರಿದ್ದು ಕರೆಂಟನ್ನೇ. ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ನಡೆಸಿದೆ, ಅದೇ ಕಥೆ. ವಿಂಡೋಸ್ ಬರೆದಿಟ್ಟ ಘಟನೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಸಾಲುಸಾಲಾಗಿ ‘ಕರ್ನೆಲ್ ಪವರ್ 41’. ಇದನ್ನು ಕಂಡು ಹೊಸ ಚಾರ್ಜರ್ ಕೊಂಡವರನ್ನು ಬಲ್ಲೆ. ಆ 41 ಹೇಳುವುದು ‘ಹಿಂದಿನ ಸಲ ಯಂತ್ರ ಸರಿಯಾಗಿ ಮುಚ್ಚಿರಲಿಲ್ಲ’ ಎಂದಷ್ಟೇ, ಯಾಕೆ ಎಂದಲ್ಲ. ಅದಕ್ಕೂ ಮುಂಚಿನ ನಿಮಿಷಗಳಲ್ಲಿ ಒಂದೇ ಒಂದು ದೋಷವೂ ದಾಖಲಾಗಿರಲಿಲ್ಲ. ಆ ಮೌನದ ಅರ್ಥ ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ: ದೋಷವನ್ನು ಬರೆದಿಡಬೇಕಾದ ಡಿಸ್ಕೇ ಹೋಗಿಬಿಟ್ಟರೆ ಬರೆಯುವುದೆಲ್ಲಿ?

ಅಷ್ಟರೊಳಗೆ ಇನ್ನೊಂದು ಅನುಮಾನ ತೀರಿಸಿಕೊಳ್ಳಬೇಕಿತ್ತು. ಆರು ತಿಂಗಳ ಹಿಂದೆ ನಾನೇ ಕೈಯಾರೆ 8 ಜಿಬಿಯ ಇನ್ನೊಂದು ರ‍್ಯಾಮ್ ಪಟ್ಟಿ ಹಾಕಿದ್ದೆ. ಸರ್ವಿಸ್ ಸೆಂಟರಿನವರು ಬೆರಳು ತೋರಿಸುವುದು ಮೊದಲು ಇಂಥದಕ್ಕೇ. ಅದನ್ನು ಬಿಚ್ಚಿ ತೆಗೆದಿಟ್ಟು, ಕಂಪನಿ ಕೊಟ್ಟಿದ್ದನ್ನು ಮಾತ್ರ ಬಿಟ್ಟು, ರಾತ್ರಿ ಪೂರ್ತಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಬೆಳಿಗ್ಗೆ ನೋಡಿದರೆ ದೋಷ ಸೊನ್ನೆ. ರ‍್ಯಾಮ್ ಪಾರಾಯಿತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ‘ಗುಡ್, ಶೇಕಡಾ 98’ ಎಂದಿತು. ಇಲ್ಲಿ ನಾನು ಒಂದು ದಿನ ದಾರಿ ತಪ್ಪಿದೆ. ಆ ಶೇಕಡಾ ಲೆಕ್ಕ ಹೇಳುವುದು ಡಿಸ್ಕ್ ಎಷ್ಟು ಸವೆದಿದೆ ಎಂಬುದನ್ನು. ಅದನ್ನು ನಡೆಸುವ ಚಿಪ್ ಆದ ಕಂಟ್ರೋಲರ್ ನಡುವೆ ಮೂರ್ಛೆ ಹೋಗುತ್ತದೆಯೇ ಎಂಬುದನ್ನಲ್ಲ.

ತೀರ್ಮಾನ ಸಿಕ್ಕಿದ್ದು ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಿದಾಗ. ಹಾಗೆ ಮಾಡಿದರೆ ಕಾರ್ಯಾಚರಣ ವ್ಯವಸ್ಥೆ ಒಳಗಿನ ಡಿಸ್ಕಿನ ಮೇಲೆ ನಿಂತಿರುವುದಿಲ್ಲ. ಡಿಸ್ಕ್ ಸತ್ತರೂ ಸತ್ತ ಸುದ್ದಿ ಹೇಳಲು ಯಂತ್ರ ಉಳಿದಿರುತ್ತದೆ. ತೆರೆದ ಕೂಡಲೇ ಬೇರೆಯೇ ಆಘಾತ ಕಾದಿತ್ತು: ಸಿ ಡ್ರೈವ್ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಿತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ ಅದು. ನಾನು ಯಾವತ್ತೂ ಬಿಟ್‌ಲಾಕರ್ ಆನ್ ಮಾಡಿದವನಲ್ಲ. ಆದರೆ ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಗೂಢಲಿಪಿಗೆ ತಿರುಗಿ, ಕೀ ಆ ಖಾತೆಯೊಳಗೆ ಹೋಗಿ ಕೂರುತ್ತದೆ. ಮೊಬೈಲ್‌ನಲ್ಲಿ ಖಾತೆ ತೆರೆದು ಕೀ ಹುಡುಕಿ, ಕಾಗದದ ಮೇಲೆ ಬರೆದುಕೊಂಡೆ. ರಿಪೇರಿಗೆ ಹೋಗುವ ಯಾರಾದರೂ ಮೊದಲು ಮಾಡಬೇಕಾದ ಕೆಲಸ ಇದು. ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಬದಲಿಸಿದರೆ ಈ ಕೀ ಇಲ್ಲದೆ ನಮ್ಮ ಡಿಸ್ಕ್ ನಮಗೇ ತೆರೆಯುವುದಿಲ್ಲ.

ಕೀ ಕೊಟ್ಟು ದೊಡ್ಡ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡತೊಡಗಿದೆ. 27ನೇ ನಿಮಿಷಕ್ಕೆ ನಕಲು ನಿಂತಿತು. ಕರ್ನೆಲ್ ದಾಖಲೆಯಲ್ಲಿ ಕೊನೆಗೂ ಸಾಕ್ಷಿ ಸಿಕ್ಕಿತು: ಎನ್‌ವಿಎಂಇ (ನನ್ನ ಡಿಸ್ಕಿನ ಬಗೆ) ಕಂಟ್ರೋಲರ್ ಉತ್ತರಿಸುತ್ತಿಲ್ಲ, ರೀಸೆಟ್ ಮಾಡಲಾಗುತ್ತಿದೆ, ರೀಸೆಟ್ ವಿಫಲ. ಡಿಸ್ಕ್ ಪಟ್ಟಿಯಿಂದಲೇ ಮಾಯ. ಹತ್ತು ನಿಮಿಷ ಆಫ್ ಮಾಡಿಟ್ಟು ಮತ್ತೆ ನಡೆಸಿದೆ, ಮತ್ತೆ ಅರ್ಧ ತಾಸಿನ ಆಸುಪಾಸಿನಲ್ಲಿ ಅದೇ. ಮೂರನೇ ಸಲ ಮೇಜಿನ ಫ್ಯಾನನ್ನು ಯಂತ್ರದ ತಳಕ್ಕೆ ಮುಖಮಾಡಿಟ್ಟೆ. ಒಂದು ತಾಸು ದಾಟಿತು. ಇದು ಬಿಸಿಯ ಆಟ ಎಂದು ಖಾತ್ರಿಯಾಯಿತು.

ಫ್ಯಾನಿನ ಗಾಳಿಯಲ್ಲೇ, ನಕಲಿನ ವೇಗಕ್ಕೆ ಮಿತಿ ಹಾಕಿ, 140 ಜಿಬಿಯನ್ನು ಒಂದು ಸಂಜೆಯಲ್ಲಿ ಹೊರಗೆ ತಂದೆ. ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನೇ ತಂದರೆ ನಮ್ಮ ವೃತ್ತಿಯವರಿಗೆ ಸಾಲದು. ಹಳೆಯ ನುಡಿ ಫಾಂಟಿನಲ್ಲಿರುವ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟುಗಳಿರುವುದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ. ಅದನ್ನೂ ಎತ್ತಿಕೊಂಡೆ.

ಇನ್ನು ಅವರನ್ನು ಒಪ್ಪಿಸುವ ಕೆಲಸ. ಸರ್ವಿಸ್ ಸೆಂಟರಿನ ಹುಡುಗ ಐದು ನಿಮಿಷ ಆನ್ ಮಾಡಿ ನೋಡಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದರೆ ನನ್ನ 200 ಕಿಲೋಮೀಟರ್ ವ್ಯರ್ಥ. ನಾನು ಉಬುಂಟುವಿನಲ್ಲಿ ಕಂಡದ್ದು ಅವನಿಗೆ ಲೆಕ್ಕಕ್ಕಿಲ್ಲ. ಅವನು ನಂಬುವುದು ತನ್ನ ಕಂಪನಿಯ ಪರೀಕ್ಷೆಯನ್ನು. ಅದು ಬಯಾಸ್‌ನೊಳಗೇ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶದೊಳಗೇ ಇರುತ್ತದೆ. ಆನ್ ಮಾಡುವಾಗ ಒಂದು ಕೀ ಒತ್ತಿದರೆ ತೆರೆಯುತ್ತದೆ. ಚಿಕ್ಕ ಪರೀಕ್ಷೆ ನಾಲ್ಕು ನಿಮಿಷದಲ್ಲಿ ‘ಪಾಸ್’ ಎಂದಿತು. ವಿಸ್ತೃತ ಪರೀಕ್ಷೆಯನ್ನು ಫ್ಯಾನ್ ಇಲ್ಲದೆ ನಡೆಸಿ, ಮೊಬೈಲನ್ನು ಎದುರಿಗೆ ನಿಲ್ಲಿಸಿ ಚಿತ್ರೀಕರಿಸಿದೆ. 34ನೇ ನಿಮಿಷದಲ್ಲಿ ಕೆಂಪಕ್ಷರದಲ್ಲಿ ‘ಫೇಲ್’, ಕೆಳಗೆ ಉದ್ದನೆಯ ದೋಷಸಂಖ್ಯೆ. ಜೀವನದಲ್ಲಿ ಫೇಲಾದದ್ದಕ್ಕೆ ಇಷ್ಟು ಖುಷಿಪಟ್ಟದ್ದು ಇದೇ ಮೊದಲು.

ನಕಲು ಪ್ರತಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆ ಎಂದು ನೋಡಿದ ಮೇಲೆ ಲ್ಯಾಪ್‌ಟಾಪಿನ ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ವಾರಂಟಿಯಲ್ಲಿ ಬದಲಿಸಿದ ಹಳೆಯ ಡಿಸ್ಕನ್ನು ಸಾಮಾನ್ಯವಾಗಿ ಅವರು ಹಿಂದಿರುಗಿಸುವುದಿಲ್ಲ. ಗಿರಾಕಿಗಳ ಮದುವೆ ಕರೆಯೋಲೆಯಿಂದ ಆಸ್ತಿಪತ್ರದವರೆಗೆ ಅದರಲ್ಲಿ ಇದ್ದವು. ಬಯಾಸ್ ಪಾಸ್‌ವರ್ಡ್ ತೆಗೆದೆ, ಮೆಮೊರಿ ಕಾರ್ಡ್ ತೆಗೆದೆ. ಮೇಲೆ, ಕೆಳಗೆ, ಮೂಲೆಗಳ ಫೋಟೋ, ಸೀರಿಯಲ್ ನಂಬರಿನ ಫೋಟೋ. ಆ ನಂಬರ್ ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಂಡೆ.

ಕೌಂಟರಿನಲ್ಲಿ ನಿರೀಕ್ಷಿಸಿದ್ದೇ ನಡೆಯಿತು. “ಸರ್, ಚೆನ್ನಾಗಿಯೇ ಆನ್ ಆಗುತ್ತಿದೆಯಲ್ಲ?” ಎಂದ. “ತಮ್ಮಾ, ಇದನ್ನು ನೋಡು” ಎಂದು ವಿಡಿಯೋವನ್ನು 34ನೇ ನಿಮಿಷಕ್ಕೆ ಸರಿಸಿ ಕೊಟ್ಟೆ. ದೋಷಸಂಖ್ಯೆ ಕಂಡದ್ದೇ ಅವನ ಧಾಟಿ ಬದಲಾಯಿತು. ಸಂಖ್ಯೆಯನ್ನು ತನ್ನ ಕಂಪ್ಯೂಟರಿಗೆ ಹಾಕಿದ, ಡಿಸ್ಕ್ ಬದಲಿಸಬೇಕೆಂದು ಅದೇ ಹೇಳಿತು. ಆದರೂ ಜಾಬ್‌ಶೀಟಿನಲ್ಲಿ ‘ಬೂಟ್ ಆಗುತ್ತಿಲ್ಲ’ ಎಂದು ಬರೆದಿದ್ದ. ಅದನ್ನು ಹೊಡೆಸಿ ‘30 ನಿಮಿಷ ಬಳಸಿ ಬಿಸಿಯಾದಾಗ ಡಿಸ್ಕ್ ಕಾಣೆಯಾಗುತ್ತದೆ’ ಎಂದು ಬರೆಸಿದೆ. ಕೆಳಗೆ ಸಿಐಡಿ ಎಂದು ಒಂದು ಚೌಕ. ಪೊಲೀಸರಲ್ಲ, ಗ್ರಾಹಕರಿಂದಲೇ ಆದ ಹಾನಿ ಎಂಬುದರ ಹ್ರಸ್ವರೂಪ. ಅದಕ್ಕೆ ಗುರುತು ಬಿದ್ದರೆ ವಾರಂಟಿ ಹೋದಂತೆ. ನಮ್ಮ ಮಲೆನಾಡಿನ ತೇವಕ್ಕೆ ಸ್ಕ್ರೂ ತುಸು ತುಕ್ಕು ಹಿಡಿದಿದ್ದರೂ ನೀರು ಬಿದ್ದಿದೆ ಎನ್ನುವವರುಂಟು. ಚೌಕ ಖಾಲಿ ಇದೆ ಎಂದು ನೋಡಿಯೇ ಸಹಿ ಹಾಕಿದೆ.

ಆರನೇ ದಿನ ಫೋನ್ ಬಂತು. ತರಲು ಹೋದಾಗ ಅಲ್ಲಿಯೇ ಕುಳಿತು 40 ನಿಮಿಷ ಅದೇ ವಿಸ್ತೃತ ಪರೀಕ್ಷೆ ಓಡಿಸಿದೆ. ಹುಡುಗ ಎರಡು ಸಲ ಗಡಿಯಾರ ನೋಡಿದ. ಪಾಸ್. ಹೊಸ ಡಿಸ್ಕಿನ ಸೀರಿಯಲ್ ನಂಬರನ್ನು ಜಾಬ್‌ಶೀಟಿನ ಮೇಲೆ ಬರೆಸಿಕೊಂಡೆ.

ಮನೆಗೆ ಬಂದು ನನ್ನ ರ‍್ಯಾಮ್ ಪಟ್ಟಿಯನ್ನು ಮರಳಿ ಸಿಕ್ಕಿಸಿ, ಹೊರಗಿನ ಡಿಸ್ಕಿನಿಂದ 140 ಜಿಬಿಯನ್ನೂ ಒಂದೇ ಉಸಿರಿನಲ್ಲಿ ಸುರಿದೆ. ಫ್ಯಾನ್ ಇಲ್ಲದೆಯೂ ನಿಂತಿತು. ಮೊದಲು ತೆರೆದದ್ದು ಅರ್ಧಕ್ಕೆ ನಿಂತಿದ್ದ ಒಂದು ಗೃಹಪ್ರವೇಶದ ಕರೆಯೋಲೆ. ಪರದೆಯ ತುಂಬ ರೋಮನ್ ಕಲಸುಮೇಲೋಗರ. ಒಂದು ಕ್ಷಣ ಎದೆ ಧಸಕ್ಕೆಂದಿತು; ಆಮೇಲೆ ಫಾಂಟ್ಸ್ ಫೋಲ್ಡರ್ ನೆನಪಾಯಿತು.