ಎರಡು ಸಲ ಬಿದ್ದ ಅರ್ಜಿ, ಮೂರನೇ ಸಲ ಗೆದ್ದದ್ದು

"ಸರ್ಕಾರದ ದುಡ್ಡು ನಂಬಿಕೊಂಡು ವಿಮಾನ ಇಂಧನಕ್ಕೆ ಕೈ ಹಾಕಬೇಡಿ" ಎಂದವರೇ ಈಗ ನನ್ನ ಕಡತ ಕೇಳುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆದುಬಿಡುತ್ತೇನೆ.

ನನ್ನದು ಬಳಸಿದ ಅಡುಗೆ ಎಣ್ಣೆಯಿಂದ ವಿಮಾನದ (ಜೆಟ್) ಇಂಧನ ಮಾಡುವ ಯೋಜನೆ. ಮೊದಲ ಅರ್ಜಿಯಲ್ಲಿ ಇಡೀ ಘಟಕಕ್ಕೆ ಸರ್ಕಾರದ ನೆರವು ಕೇಳಿದ್ದೆ. ಎಣ್ಣೆಯ ಶುದ್ಧೀಕರಣದಿಂದ ಹಿಡಿದು ಹೈಡ್ರೋಟ್ರೀಟರ್ (ಹೈಡ್ರೋಜನ್ ಸೇರಿಸಿ ಎಣ್ಣೆಯನ್ನು ಇಂಧನವಾಗಿಸುವ ಯಂತ್ರ), ಐಸೊಮರೈಸೇಶನ್ (ಇಂಧನ ಚಳಿಗೆ ಗಟ್ಟಿಯಾಗದಂತೆ ಅಣುವಿನ ಆಕಾರ ಬದಲಿಸುವ ಹಂತ), ಇಂಧನ ಬೆರೆಸುವ ಬ್ಲೆಂಡಿಂಗ್ ಟ್ಯಾಂಕಿನವರೆಗೆ ಎಲ್ಲವೂ ಅದರಲ್ಲಿತ್ತು. ನೇರವಾಗಿ ತಿರಸ್ಕೃತವಾಯಿತು. ಎರಡನೆಯದು ಬ್ಯಾಂಕಿನವರ ಒಂದೇ ಪ್ರಶ್ನೆಗೆ ಬಿತ್ತು: "ಡೀಸೆಲ್‌ಗೆ ಒಳ್ಳೆ ಬೆಲೆ ಬಂದ ದಿನ ನೀವು ಜೆಟ್ ಇಂಧನ ಯಾಕೆ ಮಾಡ್ತೀರಿ?"

ಅವರ ಮಾತು ಸರಿಯೇ. ನಮ್ಮ ಎಣ್ಣೆಯ ಇಂಗಾಲದ ಸರಪಳಿ ಬಹುಪಾಲು ಸಿ16, ಸಿ18, ಅಂದರೆ 16 ಇಲ್ಲವೇ 18 ಇಂಗಾಲದ ಪರಮಾಣುಗಳಷ್ಟು ಉದ್ದ. ಅದನ್ನು ಜೆಟ್ ಇಂಧನಕ್ಕೆ ಬೇಕಾದ ಗಿಡ್ಡ ಸರಪಳಿಗಳಾಗಿ ಒಡೆಯಲು ಹೊರಟರೆ ಹೈಡ್ರೋಜನ್ ಹೆಚ್ಚು ಬೇಕು, ನಾಫ್ತಾ (ಜೆಟ್‌ಗಿಂತ ಹಗುರವಾದ ಉಪ ಉತ್ಪನ್ನ) ಹೆಚ್ಚು ಬೀಳುತ್ತದೆ. ಅದೇ ಘಟಕದಲ್ಲಿ ಡೀಸೆಲ್ ಮಾಡುವುದು ಸಲೀಸು. ಸರ್ಕಾರ ಯಂತ್ರಕ್ಕೆ ಹಣ ಕೊಟ್ಟು ಜೆಟ್‌ನ ಬೆಲೆಗೆ ಆಸರೆ ಕೊಡದಿದ್ದರೆ ಘಟಕ ಡೀಸೆಲ್ ಕಡೆಗೇ ವಾಲುತ್ತದೆ. ವಿಮಾನ ಇಂಧನಕ್ಕೆ ಇಂಥ ಇಂಧನ ಸೇರಿಸಬೇಕೆಂಬ ಯುರೋಪಿನ ಕಡ್ಡಾಯ ಬೆರಕೆ 2025ಕ್ಕೆ ಶೇ 2, 2030ಕ್ಕೆ ಶೇ 6. ಅದರಿಂದ ಗಿರಾಕಿ ಸಿಗುತ್ತಾನೆ, ಬೆಲೆ ನಿಲ್ಲುವುದಿಲ್ಲ. ಅಮೆರಿಕ 2022ರ ಕಾನೂನಿನಲ್ಲಿ ಇಂಥ ಇಂಧನದ ಗ್ಯಾಲನ್‌ಗೆ 1.25ರಿಂದ 1.75 ಡಾಲರ್ ತೆರಿಗೆ ರಿಯಾಯಿತಿ ಕೊಟ್ಟಿತು, ಆದರೆ ಅದು 2023 ಮತ್ತು 2024ಕ್ಕೆ ಮಾತ್ರ. ಹದಿನೈದು ವರ್ಷದ ಸಾಲಕ್ಕೆ ಎರಡು ವರ್ಷದ ರಿಯಾಯಿತಿ ತೋರಿಸಿದರೆ ಯಾವ ಬ್ಯಾಂಕು ಒಪ್ಪೀತು? ಬ್ರಿಟನ್ ಹಿಡಿದ ಖಾತರಿ ಬೆಲೆಯ ದಾರಿಯೇ ನನಗೆ ಸರಿಯೆನಿಸುವುದು. ಬೆಲೆ ಕುಸಿದರೆ ಉತ್ಪಾದಕನಿಗೆ ವ್ಯತ್ಯಾಸ ತುಂಬಿಕೊಡುತ್ತಾರೆ, ಏರಿದರೆ ಅವನೇ ವಾಪಸ್ ಕೊಡಬೇಕು.

ಮೂರನೇ ಸಲ ಕೇಳಿದ್ದು ಎರಡಕ್ಕೆ ಮಾತ್ರ: ಎಣ್ಣೆ ಶುದ್ಧೀಕರಣ ಮತ್ತು ಉಳಿದ ಭಾಗದ ವಿವರ ವಿನ್ಯಾಸ. ಹಂತಹಂತವಾಗಿ ಹಣ, ಪ್ರತಿ ಹಂತಕ್ಕೂ ಪ್ರಯೋಗಾಲಯದ ವರದಿ. ಎಣ್ಣೆಯಲ್ಲಿನ ರಂಜಕವನ್ನು (ಫಾಸ್ಫರಸ್) ಸುಮಾರು 40 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 40 ಭಾಗ) 2ರ ಒಳಗೆ ತಂದು ತೋರಿಸಿದೆ. ಕ್ಲೋರೈಡ್ ಮಾತ್ರ ಆರು ತಿಂಗಳು ಸತಾಯಿಸಿತು. ಕೊನೆಗೆ ಬಗ್ಗಿದ್ದು ತೊಳೆಯುವ ಕ್ರಮ ಬದಲಿಸಿದ ಮೇಲೆ. ಆ ಕ್ರಮ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಇನ್ನೊಂದಕ್ಕೂ ಕೈ ಹಾಕಿದೆ. ಎಣ್ಣೆ ಶುದ್ಧಿಗೆ ಬಳಸಿದ ಬ್ಲೀಚಿಂಗ್ ಮಣ್ಣಿನಲ್ಲಿ (ಕಲ್ಮಶ ಹೀರುವ ಜೇಡಿಮಣ್ಣು) ಕಾಲು ಭಾಗದಷ್ಟು ಎಣ್ಣೆ ಉಳಿಯುತ್ತದಲ್ಲ, ಅದನ್ನು ಹಿಂಡಿ ತೆಗೆಯೋಣ ಎಂದು ರಾಶಿ ಹಾಕಿಸಿದ್ದೆ. ಮೂರನೇ ದಿನ ರಾಶಿ ತಾನಾಗಿ ಬಿಸಿಯೇರಿ ಹೊಗೆಯಾಡಿತು. ಅಂದಿನಿಂದ ಒದ್ದೆ ಮಾಡಿ, ತೆಳ್ಳಗೆ ಹರಡಿಸುತ್ತೇವೆ. ಹಿಂಡಿದ ಎಣ್ಣೆ ಹುಳಿಯೇರಿತ್ತು, ಲಾಭ ಬರಲಿಲ್ಲ.

ಮೂರನೇ ಅರ್ಜಿಗೆ ಮಂಜೂರಾದದ್ದು ಅದರಲ್ಲಿ ಕೇಳಿದ ಭಾಗದ ವೆಚ್ಚದ ಶೇ 40ರಷ್ಟು. ಆದರೆ ಹಣ ಬರುವುದು ನಾವು ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೆ. ಮೊದಲ ಕಂತು ಏಳು ತಿಂಗಳು ತಡವಾಯಿತು, ನೆರವಿನ ಹತ್ತನೇ ಒಂದು ಪಾಲು ಬಡ್ಡಿಗೇ ಹೋಯಿತು. ಅರ್ಜಿ ಹಾಕುವ ಮೊದಲೇ ಮಂಜೂರಾತಿ ಪತ್ರದ ಮೇಲೆ ಅಲ್ಪಾವಧಿ ಸಾಲ ಕೊಡುವ ಬ್ಯಾಂಕು ಹುಡುಕಿಟ್ಟುಕೊಳ್ಳಿ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಖರೀದಿ ಒಪ್ಪಂದವೂ ಮುಖ್ಯ. ಆಸಕ್ತಿ ಪತ್ರಗಳನ್ನು ಬ್ಯಾಂಕು ತಿರುಗಿಯೂ ನೋಡಲಿಲ್ಲ. ಕನಿಷ್ಠ ಪ್ರಮಾಣ ನಮೂದಿಸಿ, ತೆಗೆದುಕೊಳ್ಳದಿದ್ದರೂ ಹಣ ಕೊಡುವ ಷರತ್ತಿಗೆ ಒಂದು ವಿಮಾನ ಸಂಸ್ಥೆ ಸಹಿ ಹಾಕಿದ ವಾರದಲ್ಲೇ ಹೈಡ್ರೋಟ್ರೀಟರ್‌ನ ಸಾಲದ ಮಾತು ಶುರುವಾಯಿತು. ಅಡಿಪಾಯದ ಕೆಲಸ ಈಗ ನಡೆಯುತ್ತಿದೆ.